ಸಾರ್ನಿಯಾ ಇಂಪೀರಿಯಲ್ಸ್: ಎಣ್ಣೆ ಕಾರ್ಖಾನೆಯ ನೌಕರರು ಕಪ್ ಗೆದ್ದ ಕಥೆ

ಕೆನಡಾದ ಫುಟ್‌ಬಾಲ್ ಚಾಂಪಿಯನ್ನರಿಗೆ ಸಲ್ಲುವ ಬೆಳ್ಳಿಯ ಟ್ರೋಫಿಗೆ ಗ್ರೇ ಕಪ್ ಎಂದು ಹೆಸರು. ಗೆದ್ದ ತಂಡಗಳ ಹೆಸರನ್ನೆಲ್ಲ ಅದರ ಬುಡದಲ್ಲಿ ಕೆತ್ತಿದ್ದಾರೆ. ಟೊರಾಂಟೊ, ಹ್ಯಾಮಿಲ್ಟನ್, ವಿನ್ನಿಪೆಗ್, ಎಡ್ಮಂಟನ್ ಎಂದು ದೊಡ್ಡ ದೊಡ್ಡ ನಗರಗಳ ಹೆಸರು ಓದುತ್ತ ಹೋದವರು 1934ಕ್ಕೆ ಬಂದಾಗ ಸ್ವಲ್ಪ ತಡವರಿಸುತ್ತಾರೆ. ಅಲ್ಲಿರುವ ಹೆಸರು ಸಾರ್ನಿಯಾ ಇಂಪೀರಿಯಲ್ಸ್. ಒಂದು ವರ್ಷ ಬಿಟ್ಟು 1936ರಲ್ಲಿ ಮತ್ತೆ ಅದೇ ಹೆಸರು. ಆಗ ಸಾರ್ನಿಯಾದಲ್ಲಿದ್ದದ್ದು ಸುಮಾರು 18,000 ಜನ. ನಮ್ಮ ಲೆಕ್ಕದಲ್ಲಿ ಒಂದು ಸಣ್ಣ ತಾಲ್ಲೂಕು ಕೇಂದ್ರ.

ಇಷ್ಟು ಚಿಕ್ಕ ಊರು ಇಡೀ ದೇಶವನ್ನು ಎರಡು ಸಲ ಗೆದ್ದದ್ದು ಹೇಗೆ? ಗೆದ್ದ ತಂಡ ಇಪ್ಪತ್ತು ವರ್ಷಗಳಲ್ಲಿ ಕಣ್ಮರೆಯಾದದ್ದು ಏಕೆ? ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳುವುದು ವಾಡಿಕೆ. ನನಗೆ ಮಾತ್ರ ಎರಡರ ಉತ್ತರವೂ ಒಂದೇ ಕಡೆ ಕಾಣುತ್ತದೆ. ಆಟಗಾರನ ಮನೆಯ ಒಲೆ ಯಾರ ದುಡ್ಡಿನಲ್ಲಿ ಉರಿಯುತ್ತಿತ್ತು ಎಂದು ವಿಚಾರಿಸಿದರೆ ಸಾಕು.

ಅದಕ್ಕೆ ಮೊದಲು ಆಟದ ಪರಿಚಯ ಆಗಬೇಕು. ಫುಟ್‌ಬಾಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ದುಂಡು ಚೆಂಡಿನ ಆಟ ಇದಲ್ಲ. ಇಲ್ಲಿ ಚೆಂಡಿಗೆ ಎರಡು ಕಡೆ ಚೂಪು ತುದಿ. ಅದನ್ನು ಹಿಡಿದು ಓಡಬಹುದು, ಎಸೆಯಬಹುದು, ಒದೆಯಲೂಬಹುದು. ಅಮೆರಿಕದವರು ಆಡುವ ಫುಟ್‌ಬಾಲಿಗೆ ಇದು ದಾಯಾದಿ. ಮೂಲಪುರುಷ ಒಬ್ಬನೇ, ರಗ್ಬಿ. ಆದರೆ ದಾಯಾದಿಗಳ ನಡುವೆ ಇರಬೇಕಾದಷ್ಟು ಭಿನ್ನಾಭಿಪ್ರಾಯವೂ ಇದೆ. ಇಂಪೀರಿಯಲ್ಸ್ ಆಡುತ್ತಿದ್ದ ಕಾಲದ ಕೆನಡಾದ ಮೈದಾನ 110 ಗಜ ಉದ್ದ, 65 ಗಜ ಅಗಲ. ತಂಡಕ್ಕೆ 12 ಜನ. ಚೆಂಡು ಕೈಯಲ್ಲಿರುವ ತಂಡ ಮೂರು ಪ್ರಯತ್ನಗಳಲ್ಲಿ 10 ಗಜ ಮುಂದೆ ಸಾಗಬೇಕು. ಸಾಗಿದರೆ ಮತ್ತೆ ಮೂರು ಪ್ರಯತ್ನ ಸಿಗುತ್ತವೆ. ಈ ಪ್ರಯತ್ನಕ್ಕೆ ಡೌನ್ ಎನ್ನುತ್ತಾರೆ. ಅಮೆರಿಕದಲ್ಲಿ ನಾಲ್ಕು ಡೌನ್‌ಗಳಿವೆ.

ಒಂದು ಡೌನ್ ಕಡಿಮೆಯಾದರೆ ಏನು ಮಹಾ ಎನ್ನಿಸಬಹುದು. ಆದರೆ ಆಟದ ಗುಣವೇ ಅದರಿಂದ ಬದಲಾಗುತ್ತದೆ. ಎರಡು ಸಲ ಗುದ್ದಾಡಿಯೂ 10 ಗಜ ಆಗದಿದ್ದರೆ, ಮೂರನೆಯ ಸಲ ಚೆಂಡನ್ನು ಸಾಧ್ಯವಾದಷ್ಟು ದೂರ ಒದ್ದು ಎದುರಾಳಿಯನ್ನು ಅವನ ಮನೆ ಬಾಗಿಲಿಗೆ ತಳ್ಳುವುದೇ ಜಾಣತನ. ಹಾಗಾಗಿ ಒದೆಯುವವನಿಗೆ ಇಲ್ಲಿ ಬೆಲೆ ಹೆಚ್ಚು. ಅದನ್ನು ಇನ್ನಷ್ಟು ಹೆಚ್ಚಿಸುವ ನಿಯಮವೊಂದಿತ್ತು, ಹೆಸರು ರೂಜ್. ಎದುರಾಳಿಯ ಗೋಲು ಗೆರೆಯ ಆಚೆಯ ಪ್ರದೇಶಕ್ಕೆ ನೀವು ಚೆಂಡನ್ನು ಒದ್ದಿರಿ ಎನ್ನಿ. ಅಲ್ಲಿ ಚೆಂಡು ಹಿಡಿದವನು ಅದನ್ನು ಹೊತ್ತುಕೊಂಡು ಗೆರೆಯ ಈಚೆಗೆ ಬರಬೇಕು. ಬರಲಾಗದೆ ಅಲ್ಲೇ ಸಿಕ್ಕಿಬಿದ್ದರೆ, ಅಥವಾ ಚೆಂಡು ಹಿಂದಿನ ಗೆರೆಯನ್ನೇ ದಾಟಿ ಹೊರಗೆ ಹೋದರೆ, ಒದ್ದವರಿಗೆ ಒಂದು ಅಂಕ. ಒಂದೇ ಒಂದು. ಚೆಂಡು ಹಿಡಿದು ಗೆರೆ ದಾಟಿದರೆ ಸಿಗುವ ಟಚ್‌ಡೌನ್‌ಗೆ ಆಗ ಐದು ಅಂಕ. ಅದು ಆರಾದದ್ದು 1956ರಲ್ಲಿ. ಕಂಬಗಳ ನಡುವೆ ಒದ್ದ ಫೀಲ್ಡ್ ಗೋಲಿಗೆ ಮೂರು. ಆ ಒಂದಂಕದ ರೂಜನ್ನು ನೆನಪಿಟ್ಟುಕೊಳ್ಳಿ, ಸಾರ್ನಿಯಾದ ಕಥೆಯಲ್ಲಿ ಮತ್ತೆ ಬೇಕಾಗುತ್ತದೆ.

ಸಾರ್ನಿಯಾ ಇರುವುದು ಒಂಟಾರಿಯೊ ಪ್ರಾಂತ್ಯದ ನೈರುತ್ಯದ ಅಂಚಿನಲ್ಲಿ. ಹ್ಯೂರಾನ್ ಸರೋವರದ ನೀರು ಸೇಂಟ್ ಕ್ಲೇರ್ ನದಿಯಾಗಿ ಹರಿಯತೊಡಗುವ ಜಾಗ ಅದು. ಎದುರು ದಡದಲ್ಲಿ ಕಾಣುವ ಪೋರ್ಟ್ ಹ್ಯೂರಾನ್ ಊರು ಅಮೆರಿಕದ ಮಿಷಿಗನ್‌ಗೆ ಸೇರಿದ್ದು. ಊರಿನ ಭಾಗ್ಯ ಬರೆದದ್ದು ನೆಲದಡಿಯ ಎಣ್ಣೆ. ಅದೇ ಲ್ಯಾಂಬ್ಟನ್ ಕೌಂಟಿಯ ಆಯಿಲ್ ಸ್ಪ್ರಿಂಗ್ಸ್ ಎಂಬಲ್ಲಿ 1858ರಲ್ಲಿ ಜೇಮ್ಸ್ ಮಿಲ್ಲರ್ ವಿಲಿಯಮ್ಸ್ ಎಂಬಾತ ತೋಡಿಸಿದ ಬಾವಿಯನ್ನು ಉತ್ತರ ಅಮೆರಿಕದ ಮೊದಲ ವಾಣಿಜ್ಯ ತೈಲ ಬಾವಿ ಎಂದು ಕೆನಡಾದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. 1880ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಆಯಿಲ್ ಕಂಪನಿ 1898ರಲ್ಲಿ ಅಮೆರಿಕದ ಸ್ಟ್ಯಾಂಡರ್ಡ್ ಆಯಿಲ್‌ನ ಹಿಡಿತಕ್ಕೆ ಬಂದಿತು. ಸಾರ್ನಿಯಾದ ಶುದ್ಧೀಕರಣ ಘಟಕವೇ ಅದರ ಬೆನ್ನೆಲುಬಾಯಿತು. ತಂಡದ ಹೆಸರಿನಲ್ಲಿರುವ ಇಂಪೀರಿಯಲ್ ಯಾವುದೋ ಸಾಮ್ರಾಜ್ಯದ್ದಲ್ಲ, ಈ ಎಣ್ಣೆ ಕಂಪನಿಯದು.

ಈಗ ಗಂಟು ಬಿಡಿಸಬೇಕಾದ ವಿಷಯಕ್ಕೆ ಬರೋಣ. ಗವರ್ನರ್ ಜನರಲ್ ಆಗಿದ್ದ ಅರ್ಲ್ ಗ್ರೇ 1909ರಲ್ಲಿ ಕಪ್ ಕೊಟ್ಟದ್ದು ಕೆನಡಾದ ಹವ್ಯಾಸಿ ರಗ್ಬಿ ಫುಟ್‌ಬಾಲ್ ಚಾಂಪಿಯನ್ನರಿಗೆಂದು. ಹವ್ಯಾಸಿ ಎಂಬ ಮಾತು ಅಲಂಕಾರಕ್ಕೆ ಸೇರಿಸಿದ್ದಲ್ಲ. ಮೊದಲ ಫೈನಲ್‌ನಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಹುಡುಗರು ಪಾರ್ಕ್‌ಡೇಲ್ ಕನೂ ಕ್ಲಬ್ಬನ್ನು 26-6ರಿಂದ ಸೋಲಿಸಿದರು. ಸೋತವರು ಮೂಲತಃ ದೋಣಿ ಹುಟ್ಟು ಹಾಕುವ ಕ್ಲಬ್ಬಿನವರು! ಬೇಸಿಗೆಯಲ್ಲಿ ದೋಣಿ, ಚಳಿ ಶುರುವಾಗುವ ಮುಂಚೆ ಫುಟ್‌ಬಾಲ್. ಆಟಕ್ಕೆ ಹಣ ಪಡೆಯುವುದನ್ನು ಮರ್ಯಾದಸ್ಥರಿಗೆ ತಕ್ಕದ್ದಲ್ಲದ ಕೆಲಸವೆಂದು ನೋಡುತ್ತಿದ್ದ ಕಾಲ ಅದು. ನಿಯಮಗಳೂ ಹಾಗೇ ಇದ್ದವು.

ಆದರೆ ಗೆಲ್ಲುವ ಆಸೆ ನಿಯಮಕ್ಕಿಂತ ಹಳೆಯದು. ಒಳ್ಳೆಯ ಆಟಗಾರನನ್ನು ಊರಿನಲ್ಲಿ ಉಳಿಸಿಕೊಳ್ಳಲು ಅವನಿಗೆ ಏನಾದರೂ ಕೊಡಲೇಬೇಕು. ಹಣ ಕೊಡುವಂತಿಲ್ಲ, ಕೆಲಸ ಕೊಡಬಾರದೆಂದು ಎಲ್ಲಿಯೂ ಬರೆದಿರಲಿಲ್ಲ. ಅರೆ ವೃತ್ತಿಪರ ಎಂಬ ವಿಚಿತ್ರ ಪದ ಹುಟ್ಟುವುದು ಈ ಸಂದಿಯಲ್ಲಿ. ಅರ್ಧ ಸಂಬಳಕ್ಕೆ ಆಡುವವನು ಎಂದು ಅದರ ಅರ್ಥವಲ್ಲ. ಸಂಬಳ ಪೂರ್ತಿಯೇ ಬರುತ್ತದೆ, ಆದರೆ ಹಾಜರಿ ಪುಸ್ತಕದಲ್ಲಿ ಅದು ಬೇರೊಂದು ಕೆಲಸದ ಎದುರು ಇರುತ್ತದೆ. ನಮ್ಮಲ್ಲಿ ಎಚ್‌ಎಎಲ್, ಐಟಿಐ, ರೈಲ್ವೆ, ಬ್ಯಾಂಕುಗಳ ತಂಡಗಳ ಆಟ ನೋಡಿದವರಿಗೆ, ಸ್ಪೋರ್ಟ್ಸ್ ಕೋಟಾ ಎಂಬ ಮಾತು ಕೇಳಿ ಬೆಳೆದವರಿಗೆ ಈ ಏರ್ಪಾಟನ್ನು ಬಿಡಿಸಿ ಹೇಳಬೇಕಿಲ್ಲ.

ಸಾರ್ನಿಯಾದ ಆಟಗಾರರಲ್ಲಿ ಅನೇಕರು ಇಂಪೀರಿಯಲ್ ಆಯಿಲ್‌ನ ನೌಕರರು. ಹಗಲು ಪಾಳಿ ಮುಗಿಸಿ ಸಂಜೆ ಮೈದಾನಕ್ಕೆ ಬರುವವರು. ಇದು ಎಂಥ ಆಕರ್ಷಣೆ ಎಂದು ತಿಳಿಯಬೇಕಾದರೆ ಕಾಲವನ್ನು ನೋಡಬೇಕು. 1930ರ ದಶಕದ ಮೊದಲ ವರ್ಷಗಳಲ್ಲಿ ಮಹಾ ಆರ್ಥಿಕ ಕುಸಿತ ಕೆನಡಾವನ್ನು ಹಿಂಡಿಹಾಕಿತ್ತು. ಪಶ್ಚಿಮದ ಹುಲ್ಲುಗಾವಲು ಪ್ರಾಂತ್ಯಗಳಲ್ಲಿ ಬರ, ಧೂಳಿನ ಬಿರುಗಾಳಿ. ನಗರಗಳಲ್ಲಿ ಪರಿಹಾರದ ಊಟಕ್ಕೆ ಸರದಿ ಸಾಲು. ಅಂಥ ಹೊತ್ತಿನಲ್ಲಿ ಚೆಂಡು ಹಿಡಿಯಬಲ್ಲ ಹುಡುಗನಿಗೆ ಟೊರಾಂಟೊದ ಕ್ಲಬ್ ಚಪ್ಪಾಳೆಯನ್ನಷ್ಟೇ ಕೊಡಬಹುದಿತ್ತು. ಸಾರ್ನಿಯಾ ವಾರ ವಾರ ಕೂಲಿ ಕೊಡುವ ನೌಕರಿ ಕೊಡಬಹುದಿತ್ತು. ಒಂದು ದೊಡ್ಡ ಕಾರ್ಖಾನೆ ಇರುವ ಸಣ್ಣ ಊರು, ಕಾರ್ಖಾನೆ ಇಲ್ಲದ ದೊಡ್ಡ ಊರಿಗಿಂತ ಬಲಶಾಲಿಯಾಗುವುದು ಹೀಗೆ.

ಕಂಪನಿಗೆ ಇದರಿಂದ ಏನು ಲಾಭ? ಪ್ರಚಾರದ ವಿಷಯದಲ್ಲಿ ಇಂಪೀರಿಯಲ್ ಆಯಿಲ್ ಚುರುಕು. ಸಾರ್ನಿಯಾ ಆಡುತ್ತಿದ್ದ ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಟ್ರೋಫಿಯ ಹೆಸರೇ ಇಂಪೀರಿಯಲ್ ಆಯಿಲ್ ಟ್ರೋಫಿ. ಕೊಟ್ಟವರೂ ಅವರೇ, ಹಲವು ಸಲ ಪಡೆದವರೂ ಅವರ ಕಡೆಯವರೇ. ಐಸ್ ಹಾಕಿಯಲ್ಲಿ ಪಂದ್ಯ ಮುಗಿದ ಮೇಲೆ ಮೂವರು 'ಸ್ಟಾರ್' ಆಟಗಾರರನ್ನು ಹೆಸರಿಸುವ ಪದ್ಧತಿ ಇದೆಯಲ್ಲ, ಅದೂ ಈ ಕಂಪನಿ ರೇಡಿಯೊ ಪ್ರಸಾರದ ಪ್ರಾಯೋಜಕತ್ವ ವಹಿಸಿದಾಗ ತನ್ನ ತ್ರೀ ಸ್ಟಾರ್ ಪೆಟ್ರೋಲ್ ಮಾರಲು ಹುಟ್ಟುಹಾಕಿದ್ದು. ಪೆಟ್ರೋಲಿನ ಹೆಸರು ಮರೆತುಹೋಗಿದೆ, ಪದ್ಧತಿ ಉಳಿದಿದೆ.

ಇಂಪೀರಿಯಲ್ಸ್ ಆಡುತ್ತಿದ್ದದ್ದು ಒಂಟಾರಿಯೊ ರಗ್ಬಿ ಫುಟ್‌ಬಾಲ್ ಯೂನಿಯನ್‌ನಲ್ಲಿ. 1883ರಲ್ಲಿ ಹುಟ್ಟಿದ ಈ ಯೂನಿಯನ್ ಆಟದ ಇತಿಹಾಸದಲ್ಲಿ ಸಣ್ಣದೇನಲ್ಲ. 12 ಜನರ ತಂಡ, ಮೂರು ಡೌನ್, 10 ಗಜ ಎಂಬ ಸೂತ್ರಗಳನ್ನು 1903ರಲ್ಲಿ ಬರ್ನ್‌ಸೈಡ್ ನಿಯಮಗಳ ಹೆಸರಿನಲ್ಲಿ ಒಪ್ಪಿಕೊಂಡದ್ದು ಇದೇ ಯೂನಿಯನ್. ಆದರೆ 1907ರಲ್ಲಿ ಟೊರಾಂಟೊ, ಹ್ಯಾಮಿಲ್ಟನ್, ಒಟ್ಟಾವ, ಮಾಂಟ್ರಿಯಲ್‌ನ ಬಲಿಷ್ಠ ಕ್ಲಬ್‌ಗಳು ಪ್ರತ್ಯೇಕವಾಗಿ ಬಿಗ್ ಫೋರ್ ಎಂಬ ಒಕ್ಕೂಟ ಮಾಡಿಕೊಂಡವು. ಅಂದಿನಿಂದ ಒಂಟಾರಿಯೊ ಯೂನಿಯನ್‌ಗೆ ಎರಡನೆಯ ಪಂಕ್ತಿ. ಪಂಕ್ತಿ ಎರಡನೆಯದಾದರೂ ಊಟ ಒಂದೇ ಎಂಬುದು ಅಂದಿನ ವ್ಯವಸ್ಥೆಯ ಸೊಗಸು. ಪ್ರತಿ ಒಕ್ಕೂಟದ ವಿಜೇತರೂ ಗ್ರೇ ಕಪ್‌ಗೆ ಹಕ್ಕುದಾರರು. ಪೂರ್ವದವರು ತಮ್ಮೊಳಗೆ ಆಡಿ ಒಬ್ಬರನ್ನು ಆರಿಸಿದರೆ, ಪಶ್ಚಿಮದ ವಿಜೇತರು ಸಾಮಾನ್ಯವಾಗಿ ಅವರನ್ನು ಎದುರಿಸುತ್ತಿದ್ದರು. 1931ರಿಂದ ಎರಡನೆಯ ಮಹಾಯುದ್ಧದವರೆಗೆ ಒಂಟಾರಿಯೊ ಯೂನಿಯನ್‌ನಲ್ಲಿ ಸಾರ್ನಿಯಾಗೆ ಸರಿಸಾಟಿ ಸಿಗುವುದೇ ಕಷ್ಟವಾಗಿತ್ತು. ಅದೇ 1931ರಲ್ಲಿ ಚೆಂಡನ್ನು ಮುಂದಕ್ಕೆ ಎಸೆಯಲು ದೇಶದ ಎಲ್ಲೆಡೆ ಅನುಮತಿ ಸಿಕ್ಕಿತು. ಎಸೆಯುವ ವಿದ್ಯೆ ಅಮೆರಿಕದ ಕಾಲೇಜುಗಳಲ್ಲಿ ಆಗಲೇ ಪಳಗಿತ್ತು. ಆ ವರ್ಷದ ಗ್ರೇ ಕಪ್ ಫೈನಲ್‌ನಲ್ಲಿ ಮಾಂಟ್ರಿಯಲ್ ಪರ ಎಸೆದು ಟಚ್‌ಡೌನ್ ತಂದ ವಾರೆನ್ ಸ್ಟೀವನ್ಸ್ ಕೂಡ ಅಮೆರಿಕದವನೇ. ಕೆನಡಾದ ಕ್ಲಬ್‌ಗಳ ಕಣ್ಣು ಗಡಿಯಾಚೆ ಹೊರಳಿತು.

ಸಾರ್ನಿಯಾ ತಂಡವನ್ನು ಹೊತ್ತು ನಿಂತವರು ಮೂವರು ಎಂದರೆ ಉಳಿದವರಿಗೆ ಅನ್ಯಾಯವಾದೀತು, ಆದರೂ ಮೂವರ ಹೆಸರು ಹೇಳದೆ ಮುಂದೆ ಹೋಗುವಂತಿಲ್ಲ. ಓಟಕ್ಕೆ ನಾರ್ಮ್ ಪೆರಿ. ಒದೆತಕ್ಕೆ ಹ್ಯೂ ಸ್ಟರ್ಲಿಂಗ್. ಊರವರ ಬಾಯಲ್ಲಿ ಇವನು 'ಬಮ್ಮರ್'. 1938ರಲ್ಲಿ ಕೆನಡಾದ ವರ್ಷದ ಪುರುಷ ಕ್ರೀಡಾಪಟು ಎಂಬ ಗೌರವ ಇವನಿಗೆ ಬಂದಿತು. ಗುದ್ದಿಗೆ ಓರ್ಮಂಡ್ ಬೀಚ್. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಡಿ ಬಂದ ಬೀಚ್, ಚೆಂಡು ಹಿಡಿದರೆ ಸಾಲು ಮುರಿದು ನುಗ್ಗುತ್ತಿದ್ದ. ಚೆಂಡು ಎದುರಾಳಿಯ ಕೈಗೆ ಹೋದಾಗ ಅದೇ ಮೈಯಿಂದ ಅವರನ್ನು ನೆಲಕ್ಕೆ ಕೆಡವುತ್ತಿದ್ದ. ಆಗ ದಾಳಿಗೊಂದು ಗುಂಪು, ರಕ್ಷಣೆಗೊಂದು ಗುಂಪು ಎಂದಿರಲಿಲ್ಲ. ಇಡೀ ಪಂದ್ಯ ಮೈದಾನದಲ್ಲೇ ಇರಬೇಕು. ಮೂವರೂ ಇಂದು ಕೆನಡಾದ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ತರಬೇತುದಾರ ಆರ್ಟ್ ಮಸೂಚಿ.

1933ರ ಡಿಸೆಂಬರ್ 9. ಗ್ರೇ ಕಪ್ ಫೈನಲ್ ಸಾರ್ನಿಯಾದಲ್ಲೇ, ಡೇವಿಸ್ ಫೀಲ್ಡ್ ಎಂಬ ಮೈದಾನದಲ್ಲಿ ನಡೆಯಿತು. ಆ ಊರಿಗೆ ಫೈನಲ್ ಬಂದದ್ದು ಅದೊಂದೇ ಸಲ. ಎದುರಾಳಿ ಬಿಗ್ ಫೋರ್‌ನ ಟೊರಾಂಟೊ ಆರ್ಗೊನಾಟ್ಸ್. ನೋಡಲು ಬಂದವರು 2,751 ಜನ. ಫಲಿತಾಂಶ ಟೊರಾಂಟೊ 4, ಸಾರ್ನಿಯಾ 3. ಅಂಕಪಟ್ಟಿ ನೋಡಿ ಇದು ನಮ್ಮ ಪರಿಚಯದ ದುಂಡು ಚೆಂಡಿನ ಪಂದ್ಯ ಎಂದುಕೊಳ್ಳಬೇಡಿ. ಟಚ್‌ಡೌನ್‌ಗೆ ಐದು ಅಂಕ ಎಂದೆನಲ್ಲ. ಹಾಗಾದರೆ ಅರವತ್ತು ನಿಮಿಷಗಳ ಗುದ್ದಾಟದಲ್ಲಿ ಎರಡೂ ಕಡೆ ಒಬ್ಬನಿಗೂ ಚೆಂಡು ಹೊತ್ತು ಗೆರೆ ದಾಟಲಾಗಲಿಲ್ಲ ಎಂದಾಯಿತು. ಬಂದ ಅಂಕಗಳೆಲ್ಲ ಕಾಲಿನಿಂದಲೇ. ಚೆಂಡು ಒದೆ, ಓಡು, ಅವರ ಮನೆಯಲ್ಲೇ ಅವರನ್ನು ಕೂಡಿಹಾಕು, ಒಂದಂಕ ಕಿತ್ತುಕೋ. ಚದುರಂಗದಲ್ಲಿ ಕಾಲಾಳು ಕಾಲಾಳಾಗಿ ಕೊಲ್ಲುವ ಆಟದಂತೆ. ಕೊನೆಯ ಹಂತದಲ್ಲಿ ಪೆರಿ ಬದಿಯ ಗೆರೆಯ ಪಕ್ಕದಲ್ಲೇ ತಪ್ಪಿಸಿಕೊಂಡು ಓಡಿದ, ಆದರೆ ಅವನ ಕಾಲು ಗೆರೆಯಿಂದ ಹೊರಗೆ ಹೋಗಿತ್ತೆಂದು ಪಂಚರು ತೀರ್ಪು ಕೊಟ್ಟರು. ಆ ಪಂದ್ಯದ ಬಗ್ಗೆ ಮಾತು ಬಂದಾಗಲೆಲ್ಲ ಈ ಓಟದ ಪ್ರಸ್ತಾಪ ಬರುತ್ತದೆ. ಒಂದು ಪಾದದ ಅಗಲದಲ್ಲಿ ಕಪ್ ಕೈತಪ್ಪಿತು ಎನ್ನಬಹುದು.

ಮರುವರ್ಷ ಸೇಡು ತೀರಿತು, ಟೊರಾಂಟೊದ ಮೇಲಲ್ಲದಿದ್ದರೂ ಟೊರಾಂಟೊದ ನೆಲದ ಮೇಲೆ. 1934ರ ನವೆಂಬರ್ 24ರಂದು ವಾರ್ಸಿಟಿ ಸ್ಟೇಡಿಯಂನಲ್ಲಿ 8,900 ಜನರ ಮುಂದೆ ಇಂಪೀರಿಯಲ್ಸ್, ಪಶ್ಚಿಮದಿಂದ ಬಂದ ರಿಜೈನಾ ರಫ್‌ರೈಡರ್ಸ್ ತಂಡವನ್ನು 20-12ರಿಂದ ಸೋಲಿಸಿತು. ರಿಜೈನಾದವರ ಪಾಡು ಕೇಳಬೇಡಿ. 1928ರಿಂದ 1932ರವರೆಗೆ ಸತತ ಐದು ಫೈನಲ್‌ಗಳಲ್ಲಿ ಸೋತವರು, ಆರನೆಯದಕ್ಕೆಂದು ರೈಲಿನಲ್ಲಿ ಅರ್ಧ ದೇಶ ದಾಟಿ ಬಂದು ಮತ್ತೆ ಸೋತು ಹೋದರು.

ಎರಡನೆಯ ಗೆಲುವಿನ ಹಿಂದೆ ಆಟಕ್ಕಿಂತ ಕಾಗದಪತ್ರದ ಕಥೆ ದೊಡ್ಡದು. 1935ರಲ್ಲಿ ವಿನ್ನಿಪೆಗ್ ತಂಡ ಹ್ಯಾಮಿಲ್ಟನ್ನನ್ನು 18-12ರಿಂದ ಸೋಲಿಸಿ ಪಶ್ಚಿಮಕ್ಕೆ ಮೊದಲ ಗ್ರೇ ಕಪ್ ತಂದಿತು. ಗೆಲ್ಲಿಸಿದವನು ಫ್ರಿಟ್ಜ್ ಹ್ಯಾನ್ಸನ್, ಅಮೆರಿಕದಿಂದ ಬಂದ ಮಿಂಚಿನ ಓಟಗಾರ. ಅವನ ಜೊತೆಗೆ ಗಡಿಯಾಚೆಯಿಂದ ಬಂದ ಇನ್ನೂ ಹಲವರಿದ್ದರು. ಪೂರ್ವದ ಹಿರಿಯರಿಗೆ ಇದು ನುಂಗಲಾರದ ತುತ್ತಾಯಿತು. ಆಟವನ್ನು ನಡೆಸುತ್ತಿದ್ದ ಕೆನಡಿಯನ್ ರಗ್ಬಿ ಯೂನಿಯನ್ ಹೊರಗಿನಿಂದ ಬರುವವರಿಗೆ ವಾಸದ ನಿಯಮ ಬಿಗಿ ಮಾಡಿತು. ಋತುವಿಗೆ ಮುಂಚೆ ಬಂದು ಕಪ್ ಗೆದ್ದು ಹೊರಡುವವರು ಬೇಡ. ಇಲ್ಲಿ ನೆಲೆಸಿದವರು ಮಾತ್ರ ಆಡಲಿ ಎಂಬುದು ಅದರ ತಿರುಳು. 1936ರಲ್ಲಿ ಪಶ್ಚಿಮದ ವಿಜೇತರಾದ ರಿಜೈನಾ ತಂಡದ ಐವರು ಅಮೆರಿಕನ್ನರು ಈ ನಿಯಮದಲ್ಲಿ ಅನರ್ಹರಾದರು. ಜಗಳ ಬಗೆಹರಿಯಲಿಲ್ಲ, ರಿಜೈನಾ ಬರಲಿಲ್ಲ. ಡಿಸೆಂಬರ್ 5ರ ಫೈನಲ್ ಪೂರ್ವದ ಎರಡು ತಂಡಗಳ ಮನೆಯ ಪಂದ್ಯವಾಯಿತು. ಸಾರ್ನಿಯಾ 26, ಒಟ್ಟಾವ ರಫ್ ರೈಡರ್ಸ್ 20. ಪ್ರೇಕ್ಷಕರು 5,883.

ಇಲ್ಲಿ ಒಂದು ಸೂಕ್ಷ್ಮವಿದೆ. ಸಾರ್ನಿಯಾದ ಬೀಚ್ ಕೂಡ ಅಮೆರಿಕದವನೇ ಅಲ್ಲವೇ? ಹೌದು. ಆದರೆ ಅವನು 1934ರಿಂದ ಸಾರ್ನಿಯಾದಲ್ಲೇ ನೆಲೆಸಿ ದುಡಿಯುತ್ತಿದ್ದ. ಕಾರ್ಖಾನೆಯ ನೌಕರಿಗೆ ಫುಟ್‌ಬಾಲ್ ಋತು ಗೊತ್ತಿಲ್ಲ, ಹನ್ನೆರಡು ತಿಂಗಳೂ ಹಾಜರಿರಬೇಕು. ಹಣ ಕೊಡದೆ ಆಟಗಾರನನ್ನು ಹಿಡಿದಿಡಲು ಮಾಡಿಕೊಂಡ ಏರ್ಪಾಟು, ವಾಸದ ನಿಯಮ ಬಂದಾಗ ತಾನಾಗಿಯೇ ಅವನ ರಹದಾರಿಯೂ ಆಯಿತು. ಕಪ್ಪಿಗಾಗಿ ಆಟಗಾರರನ್ನು ಕರೆಸಿಕೊಂಡ ಪಶ್ಚಿಮದವರು ಹೊರಗೆ ನಿಂತರು; ಕಾರ್ಖಾನೆಗೆಂದು ಕರೆಸಿಕೊಂಡ ಸಾರ್ನಿಯಾ ಒಳಗೆ ನಿಂತು ಆಡಿತು. ಕಪಟ ಎನ್ನುವುದೋ ಜಾಣ್ಮೆ ಎನ್ನುವುದೋ ಓದುಗರಿಗೆ ಬಿಟ್ಟದ್ದು. ಆದರೆ ಕಾರ್ಖಾನೆಯ ಕೆಲಸ ಬರೀ ನೆಪವಾಗಿತ್ತು ಎಂದು ಯಾರಾದರೂ ನಕ್ಕರೆ ನಾನು ಒಪ್ಪುವುದಿಲ್ಲ. 1938ರ ಸೆಪ್ಟೆಂಬರ್‌ನಲ್ಲಿ, ಹೊಸ ಋತುವಿನ ಹೊಸ್ತಿಲಲ್ಲಿ, ಓರ್ಮಂಡ್ ಬೀಚ್ ಸತ್ತದ್ದು ಮೈದಾನದಲ್ಲಲ್ಲ. ಸಾರ್ನಿಯಾದಲ್ಲಿ ಸಂಭವಿಸಿದ ಕೈಗಾರಿಕಾ ಅಪಘಾತವೊಂದು ಅವನನ್ನು ಬಲಿ ತೆಗೆದುಕೊಂಡಿತು. ಮೂವತ್ತು ತುಂಬಿರಲಿಲ್ಲ.

ಅದೇ ವರ್ಷ ನದಿಯ ಮೇಲೆ ಬ್ಲೂ ವಾಟರ್ ಸೇತುವೆ ಸಂಚಾರಕ್ಕೆ ತೆರೆಯಿತು. ಮರುವರ್ಷ ಯುದ್ಧ. ತಂಡದ ಚಟುವಟಿಕೆ ನಿಂತಿತು, ಊರಿನ ಚಟುವಟಿಕೆ ಹೆಚ್ಚಿತು. ರಬ್ಬರ್ ಬೆಳೆಯುವ ಏಷ್ಯಾದ ನೆಲವನ್ನು ಜಪಾನ್ ಹಿಡಿದಾಗ ಕೆನಡಾ ಸರ್ಕಾರ 1942ರಲ್ಲಿ ಪಾಲಿಮರ್ ಕಾರ್ಪೊರೇಷನ್ ಎಂಬ ಕೃತಕ ರಬ್ಬರ್ ಸಂಸ್ಥೆಯನ್ನು ಸ್ಥಾಪಿಸಿ, ಅದರ ಕಾರ್ಖಾನೆಯನ್ನು ಸಾರ್ನಿಯಾದಲ್ಲಿ ಕಟ್ಟಿಸಿತು. ಆ ಕಾರ್ಖಾನೆಯ ಚಿತ್ರ 1971ರ ಸರಣಿಯ ಹತ್ತು ಡಾಲರ್ ನೋಟಿನ ಹಿಂಬದಿಗೂ ಏರಿತು. ಹೊಗೆ ಕೊಳವೆಗಳ ಸಾಲನ್ನು ದೇಶದ ಹೆಮ್ಮೆ ಎಂದು ನೋಟಿನ ಮೇಲೆ ಅಚ್ಚು ಹಾಕುತ್ತಿದ್ದ ಕಾಲ!

ಯುದ್ಧ ಮುಗಿದ ಮೇಲೆ ಇಂಪೀರಿಯಲ್ಸ್ ಮತ್ತೆ ಎದ್ದಿತು. 1951 ಮತ್ತು 1952ರಲ್ಲಿ ಒಂಟಾರಿಯೊ ಯೂನಿಯನ್ ಗೆದ್ದು, ಮೊದಲು ಒಟ್ಟಾವಕ್ಕೆ, ಆಮೇಲೆ ಟೊರಾಂಟೊಕ್ಕೆ ತಲೆಬಾಗಿತು. ಆಟ ಮಂಕಾಗಿರಲಿಲ್ಲ, ಲೆಕ್ಕ ಬದಲಾಗಿತ್ತು. ಮೊದಲ ಬದಲಾವಣೆ ಎಂದರೆ ಎಲ್ಲೆಡೆ ಕೆಲಸವಿತ್ತು. ಬಡತನದ ಕಾಲದಲ್ಲಿ ಬಂಗಾರದಂತಿದ್ದ ನೌಕರಿ, ಸಮೃದ್ಧಿಯ ಕಾಲದಲ್ಲಿ ಬರೀ ನೌಕರಿ. ಎರಡನೆಯದು, ದೊಡ್ಡ ಕ್ಲಬ್‌ಗಳು ಹವ್ಯಾಸಿಯ ಮುಖವಾಡವನ್ನು ಕಳಚಿಟ್ಟು ನೇರವಾಗಿ ಹಣ ಕೊಡತೊಡಗಿದ್ದವು. 1946ರಲ್ಲಿ ಹುಟ್ಟಿದ ಮಾಂಟ್ರಿಯಲ್ ಅಲ್ಯುವೆಟ್ಸ್ ಮೂರೇ ವರ್ಷಗಳಲ್ಲಿ ಕಪ್ ಗೆದ್ದಿತು. ಅಮೆರಿಕದ ಕಾಲೇಜು ಫುಟ್‌ಬಾಲಿನ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದ ಬಿಲಿ ವೆಸಲ್ಸ್ 1953ರಲ್ಲಿ ತನ್ನ ದೇಶದ ವೃತ್ತಿಪರ ಲೀಗನ್ನು ಬಿಟ್ಟು ಎಡ್ಮಂಟನ್‌ಗೆ ಬಂದ. ಇಂಥವನನ್ನು ಕರೆಯಲು ಕಾರ್ಖಾನೆಯ ಪಾಳಿ ಕೆಲಸ ಸಾಕೇ? ಇದರ ಮೇಲೆ ಟೆಲಿವಿಷನ್. 1952ರಲ್ಲಿ ಗ್ರೇ ಕಪ್ ಮೊದಲ ಸಲ ಪರದೆಗೆ ಬಂದಿತು. 1954ರಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿ ಬಿಗ್ ಫೋರ್ ಪಂದ್ಯಗಳನ್ನು ಹಣ ಕೊಟ್ಟು ಕೊಂಡುಕೊಂಡಿತು. ಆ ಹಣ ಒಂಟಾರಿಯೊ ಯೂನಿಯನ್‌ನ ಊರುಗಳ ಕಡೆ ತಿರುಗಿ ನೋಡಲಿಲ್ಲ.

ದೊಡ್ಡ ಊರಾದರೂ ಎರಡನೆಯ ಪಂಕ್ತಿಯಲ್ಲಿ ಬದುಕುವುದು ಅಸಾಧ್ಯವಾಗಿತ್ತು. ಹ್ಯಾಮಿಲ್ಟನ್‌ನಲ್ಲಿ ಎರಡು ತಂಡಗಳಿದ್ದವು, ಟೈಗರ್ಸ್ ಮತ್ತು ವೈಲ್ಡ್‌ಕ್ಯಾಟ್ಸ್. ಒಂದೇ ಊರಿನಲ್ಲಿ ಪೈಪೋಟಿ ಮಾಡಿ ಎರಡೂ ಸೊರಗಿ, 1950ರಲ್ಲಿ ಸೇರಿಕೊಂಡು ಟೈಗರ್‌ಕ್ಯಾಟ್ಸ್ ಆದವು, ಬಿಗ್ ಫೋರ್‌ನಲ್ಲಿ ಉಳಿದವು. ಸಾರ್ನಿಯಾಗೆ ಸೇರಿಕೊಳ್ಳಲು ಪಕ್ಕದಲ್ಲಿ ಇನ್ನೊಂದು ತಂಡ ಇರಲಿಲ್ಲ. ಪಕ್ಕದಲ್ಲಿದ್ದದ್ದು ನದಿ, ಆಚೆ ಅಮೆರಿಕ. 1954ರಲ್ಲಿ ಒಂಟಾರಿಯೊ ಯೂನಿಯನ್‌ನ ವಿಜೇತರಾದ ಕಿಚನರ್-ವಾಟರ್‌ಲೂ ಡಚ್‌ಮೆನ್ ಎಡ್ಮಂಟನ್ ಎದುರು 38-6ರಿಂದ ಸೋತರು. ಕಪ್‌ಗಾಗಿ ಆ ಯೂನಿಯನ್‌ನ ತಂಡ ಆಡಿದ್ದು ಅದೇ ಕೊನೆ. ಮರುವರ್ಷದಿಂದ ಯೂನಿಯನ್ ಸ್ಪರ್ಧೆಯಿಂದ ಹಿಂದೆ ಸರಿಯಿತು. ಇಂಪೀರಿಯಲ್ಸ್ ಕೂಡ ಆ ದಶಕದ ನಡುವಿನಲ್ಲೇ ನಂದಿತು. ದೊಡ್ಡ ಕ್ಲಬ್‌ಗಳು ಸೇರಿ 1958ರಲ್ಲಿ ಕೆನಡಿಯನ್ ಫುಟ್‌ಬಾಲ್ ಲೀಗ್ ಆದವು. ಒಂಟಾರಿಯೊ ಯೂನಿಯನ್ ಯಾರ ಗಮನಕ್ಕೂ ಹೆಚ್ಚು ಬಾರದೆ 1974ರವರೆಗೆ ಉಸಿರು ಹಿಡಿದಿತ್ತು.

ನಾರ್ಮ್ ಪೆರಿ ಆಟ ಬಿಟ್ಟ ಮೇಲೆ ಆಡಳಿತಕ್ಕೆ ಬಂದು, ಒಂದು ಕಾಲಕ್ಕೆ ತನ್ನ ಓಟಕ್ಕೆ ಗೆರೆ ಎಳೆದಿದ್ದ ಅದೇ ಕೆನಡಿಯನ್ ರಗ್ಬಿ ಯೂನಿಯನ್‌ನ ಅಧ್ಯಕ್ಷನಾದ. ಸಾರ್ನಿಯಾದ ಕ್ರೀಡಾಂಗಣವೊಂದು ಅವನ ಹೆಸರು ಹೊತ್ತಿದೆ. ಊರಿನಲ್ಲಿ ಇಂಪೀರಿಯಲ್ಸ್ ಎಂಬ ಹೆಸರೂ ಮತ್ತೆ ಬಂದಿತು. ಈ ಶತಮಾನದಲ್ಲಿ ಹುಟ್ಟಿದ ಹೊಸ ತಂಡವೊಂದು ಆ ಹೆಸರಿಟ್ಟುಕೊಂಡು ನಾರ್ದರ್ನ್ ಫುಟ್‌ಬಾಲ್ ಕಾನ್ಫರೆನ್ಸ್ ಎಂಬ ಲೀಗಿಗೆ ಇಳಿಯಿತು. ಅಲ್ಲಿ ಆಡುವವರಿಗೆ ಸಂಬಳವಿಲ್ಲ. ಅರ್ಲ್ ಗ್ರೇ 1909ರಲ್ಲಿ ಬರೆಸಿದ ಹವ್ಯಾಸಿ ಎಂಬ ಮಾತು ಅಕ್ಷರಶಃ ಒಪ್ಪುವುದು ಇಂಥವರಿಗೇ. ಅವರ ಕಪ್ಪಿಗೆ ಆಡುವ ಹಕ್ಕು ಮಾತ್ರ ಇವರಿಗಿಲ್ಲ.